ಮುಳುಗಿಸಿಟ್ಟ ದೋಣಿ

೧೮ ಫೆಬ್ರವರಿ ೧೯೪೯

ಅವರು ಬಡವರ ದೋಣಿಗಳನ್ನು ಸುಟ್ಟಿದ್ದಾರೆ. ಕಳ್ಳನಾದರೂ ತನಗೆ ಬೇಕೆಂದು ಕದಿಯುತ್ತಾನೆ. ಇವರು ಬೇರೆ ಯಾರಿಗೂ ಸಿಗಬಾರದೆಂದು ಸುಟ್ಟರು. ಕುಮಿಂಟಾಂಗ್ ಸರ್ಕಾರದ ಸೈನ್ಯ ಯಾಂಗ್‌ತ್ಸೆ ನದಿ ದಾಟಿ ದಕ್ಷಿಣದ ದಡಕ್ಕೆ ಓಡುವ ಮೊದಲು, ಈ ಉತ್ತರದ ದಡದಲ್ಲಿ ಕಣ್ಣಿಗೆ ಬಿದ್ದ ದೋಣಿಗಳನ್ನೆಲ್ಲ ಎಳೆದುಕೊಂಡು ಹೋಯಿತು. ಎಳೆಯಲಾಗದ್ದಕ್ಕೆ ಬೆಂಕಿ ಇಟ್ಟಿತು. ದೋಣಿಗಳ ಜೊತೆ ಗಂಡುಮಕ್ಕಳನ್ನೂ ಹಗ್ಗ ಕಟ್ಟಿ ಒಯ್ದು ಕೈಗೆ ಬಂದೂಕು ಕೊಟ್ಟಿತು.

ಇವತ್ತು ಬೈಶಾ ಹಳ್ಳಿಗೆ ಬಂದ ಕೂಡಲೇ ಏರಿಯ ಕೆಳಗೆ ಇಳಿದು ನೋಡಿದೆ. ಸುಟ್ಟ ಹಲಗೆಗಳು ಸತ್ತ ಎಮ್ಮೆಯ ಪಕ್ಕೆಲುಬಿನ ಹಾಗೆ ಕೆಸರಿನಲ್ಲಿ ನಿಂತಿವೆ. ಒಬ್ಬ ಹೆಂಗಸು ಬೂದಿ ಕೆದಕಿ ಮೊಳೆ ಆರಿಸುತ್ತಿದ್ದಳು.

"ಇದಕ್ಕೆಲ್ಲ ಅವರ ಹತ್ರ ಉತ್ತರ ಕೇಳ್ತೀವಿ, ಅಕ್ಕಾ" ಎಂದೆ.

"ಕೇಳಮ್ಮ" ಎಂದು ಆಕೆ ಇನ್ನೊಂದು ಮೊಳೆ ಹೆಕ್ಕಿದಳು. ಜನರ ಕೋಪ ಹೀಗೆ ಒಳಗೊಳಗೇ ಮಲಗಿರುತ್ತದೆ. ಅದನ್ನು ಎಬ್ಬಿಸುವುದೇ ನನ್ನ ಕೆಲಸ.

ಹೊಸ ಪುಸ್ತಕ, ಆದ್ದರಿಂದ ಹೆಸರು ಬರೆಯುತ್ತೇನೆ: ತಾವೋ ಯುನ್, ಹತ್ತೊಂಬತ್ತು ವರ್ಷ, ವೂಹೂ ಪಟ್ಟಣದ ಕಾಲುಚೀಲ ಕಾರ್ಖಾನೆಯವಳು. ಕಾರ್ಖಾನೆಯ ಪಾಯಿಖಾನೆಯಲ್ಲಿ ಕೂತು ಕದ್ದು ಓದಿದ ಕರಪತ್ರಗಳೇ ನನ್ನ ಶಾಲೆ. ಹೋದ ವರ್ಷ ನದಿ ದಾಟಿ ಕಮ್ಯುನಿಸ್ಟರ ವಿಮೋಚನಾ ಸೈನ್ಯದ ಕಡೆಗೆ ಬಂದೆ. ಈಗ ದೋಣಿ ಕೂಡಿಸುವ ತಂಡದಲ್ಲಿದ್ದೇನೆ. ಬೆಂಕಿಯಿಂದ ಉಳಿದ ದೋಣಿಗಳನ್ನು ಜನ ಎಲ್ಲೆಲ್ಲೋ ಬಚ್ಚಿಟ್ಟಿದ್ದಾರೆ. ಅವು ಬೇಕು. ಅವಿಲ್ಲದೆ ನಮ್ಮ ಸೈನ್ಯ ಆ ದಡಕ್ಕೆ ಹೋಗುವುದು ಹೇಗೆ? ಆದರೆ ಒಂದು ನಿಯಮವಿದೆ: ಯಾರ ದೋಣಿಯನ್ನೂ ಬಲವಂತದಿಂದ ತೆಗೆದುಕೊಳ್ಳುವಂತಿಲ್ಲ. ಅವರಾಗಿಯೇ ಕೊಡಬೇಕು. ನಾವು ಕುಮಿಂಟಾಂಗ್ ಅಲ್ಲ!

೨೧ ಫೆಬ್ರವರಿ

ಕುಲದೇವರ ಮನೆಯಲ್ಲಿ ಸಭೆ. ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ನದಿಯ ಆಚೆ ನರಳುತ್ತಿರುವ ಕೋಟ್ಯಂತರ ಜನ, ಜಮೀನ್ದಾರರ ಸೊಕ್ಕು, ಇತಿಹಾಸದ ಚಕ್ರ, ಎಲ್ಲವನ್ನೂ ಹೇಳಿದೆ. ಗಂಟಲು ಕಟ್ಟುವಷ್ಟು ಕೂಗಿದೆ. ಹಿಂದಿನ ಸಾಲಿನಲ್ಲಿ ಹೊಗೆ ಕೊಳವೆ ಹಿಡಿದು ಕೂತಿದ್ದ ಮುದುಕಿಯೊಬ್ಬಳು ಎದ್ದಳು.

"ಮಾತು ಚೆನ್ನಾಗಿದೆ ಕಣೇ ಹುಡುಗಿ. ಇದರಲ್ಲಿ ಕೂತ್ಕೊಂಡು ನದಿ ದಾಟಬೋದಾ?"

ಸಭೆಯೆಲ್ಲ ನಕ್ಕಿತು. ನಮ್ಮ ಸೈನಿಕರೂ ನಕ್ಕರು. ಅವಳೇ ಪಾನ್ ದೊಡ್ಡಮ್ಮ. ನನಗೆ ಉಳಿಯಲು ಕೊಟ್ಟಿರುವುದು ಅವಳ ಗುಡಿಸಲನ್ನೇ. ದಾರಿಯಲ್ಲಿ ಕೇಳಿದೆ.

"ನಿಮ್ಮ ದೋಣಿ ಎಲ್ಲಿದೆ, ದೊಡ್ಡಮ್ಮ?"

"ಸುಟ್ಟರು."

"ಅವರ ಮೇಲೆ ನಿಮಗೆ ಸಿಟ್ಟಿಲ್ವಾ?"

"ಸಿಟ್ಟು ಬೇಯಿಸಿದ್ರೆ ಅನ್ನ ಆಗತ್ತಾ? ನಡಿ, ನೀರು ತರಬೇಕು."

ಹಿಂದುಳಿದ ಪ್ರಜ್ಞೆ. ಇಂಥವರನ್ನು ತಿದ್ದಲು ಸಮಯ ಬೇಕು.

ಬೇಪಿಂಗ್‌ನಲ್ಲಿ ಎರಡೂ ಪಕ್ಷಗಳ ನಡುವೆ ಸಂಧಾನ ನಡೆಯಬಹುದೆಂದು ಸುದ್ದಿ. ಸಂಧಾನವಂತೆ! ಕೊಲೆಗಡುಕರ ಜೊತೆ ಚಹಾ ಕುಡಿದು ಮಾತಾಡುವುದೇನಿದೆ? ಶತ್ರುವನ್ನು ಅವನ ಬಿಲದಲ್ಲೇ ಮುಗಿಸಬೇಕು.

೨೭ ಫೆಬ್ರವರಿ

ತುಕಡಿಯ ರಾಜಕೀಯ ಮುಖ್ಯಸ್ಥ ಸಂಗಾತಿ ಮೆಂಗ್ ನನ್ನನ್ನು ಕರೆಸಿದರು. ಉತ್ತರದ ಶಾನ್‌ದೊಂಗ್ ಕಡೆಯವರು. ಅವರ ಮಾತೂ ಬೇರೆ, ನಡಿಗೆಯೂ ಬೇರೆ.

"ತಂಗಿ, ಭಾಷಣ ಸ್ವಲ್ಪ ಕಡಿಮಿ ಮಾಡು. ಜನರ ಮನಿ ನೀರು ಹೊರು, ಕಟಗಿ ಒಡಿ. ಮಾತು ಅವ್ರಾ ಆಡ್ತಾರ."

ನೀರು ಹೊತ್ತೆ. ಹೆಗಲು ಸುಲಿದಿದೆ. ನಮ್ಮ ತುಕಡಿಯ ಸೈನಿಕ ನಿಯೂ ಬಂದು ಅರ್ಧ ಹೊತ್ತುಕೊಟ್ಟ. ಆರಡಿಯ ಆಳು, ಯುದ್ಧದಲ್ಲಿ ಎರಡು ಸಲ ಗುಂಡು ತಿಂದವನು. ಆದರೆ ನೀರು ಕಂಡರೆ ಹೆದರುತ್ತಾನೆ. ಉತ್ತರದವರೆಲ್ಲ ಹಾಗೆಯೇ. ಬಾವಿಗಿಂತ ದೊಡ್ಡ ನೀರನ್ನು ಅವರು ಕಂಡಿಲ್ಲ. ದಿನವೂ ಕೊಳದ ಮೇಲೆ ತೆಪ್ಪ ಬಿಟ್ಟು ಅಭ್ಯಾಸ ಮಾಡುತ್ತಾರೆ, ದಡಕ್ಕೆ ಬಂದು ವಾಂತಿ ಮಾಡುತ್ತಾರೆ.

ದೊಡ್ಡಮ್ಮ ನನ್ನನ್ನು "ಕರಪತ್ರ" ಎಂದು ಕರೆಯುತ್ತಾಳೆ. "ಏ ಕರಪತ್ರ, ಒಲೆ ನೋಡೇ." ಹೆಸರು ಹೇಳಿದರೂ ಕೇಳುವುದಿಲ್ಲ.

ಒಂದು ಮೂಢನಂಬಿಕೆ ಗಮನಿಸಿದೆ. ಮನೆಯಲ್ಲಿ ಇರುವುದೇ ತೆಳು ಗಂಜಿ. ಅದರಲ್ಲೂ ಬೆಳಗಿನ ಮೊದಲ ಸೌಟನ್ನು ಗುಡಿಸಲ ಹಿಂದಿನ ತಾವರೆ ಕೊಳಕ್ಕೆ ಸುರಿಯುತ್ತಾಳೆ.

"ಯಾರಿಗೆ?"

"ಮೀನಿಗೆ."

"ಈ ಕೊಳದಲ್ಲಿ ಮೀನೇ ಇಲ್ಲವಲ್ಲ!"

"ಬರ್ಲಿ ಅಂತ."

೯ ಮಾರ್ಚ್

ಏರಿಯ ಮೇಲೆ ಬಲೆ ಹೆಣೆಯುವ ಮುದುಕಿಯೊಬ್ಬಳ ಜೊತೆ ಕೂತಿದ್ದೆ. ಹಿಂದೆ ಜಪಾನಿಯರು ಬಂದಾಗ ದೋಣಿಗಳನ್ನು ಹೇಗೆ ಉಳಿಸಿಕೊಂಡರೆಂದು ಕೇಳಿದೆ. ಅವಳಿಗೆ ಹಳೆಯ ಕಥೆ ಹೇಳುವ ಹುರುಪು.

"ಕಲ್ಲು ತುಂಬಿ ಮುಳುಗಿಸೋದಪ್ಪ, ಇನ್ನೇನು. ನೀರೊಳಗೆ ಮರ ಕೆಡಲ್ಲ. ಆದ್ರೆ ದಿನಾ ಅದಕ್ಕೆ ಊಟ ಹಾಕ್ಬೇಕು. ಹಾಕ್ಲಿಲ್ಲ ಅಂದ್ರೆ ದೋಣಿ ತಾನು ಮುಳುಗಿ ಸತ್ತೆ ಅಂದ್ಕೊಳ್ಳತ್ತೆ. ಆಮೇಲೆ ನೀನು ತಲೆಕೆಳಗಾದ್ರೂ ತೇಲಲ್ಲ. ಸುಟ್ಟು ಹೋದದ್ದಕ್ಕೆ ಯಾರೂ ಊಟ ಹಾಕಲ್ಲ."

ನನ್ನ ಕೈಯಲ್ಲಿದ್ದ ದಾರದ ಉಂಡೆ ಹಾಗೆಯೇ ನಿಂತಿತು.

ಮಧ್ಯಾಹ್ನ ದೊಡ್ಡಮ್ಮ ಹೊಲದಲ್ಲಿದ್ದಾಗ ಉದ್ದನೆಯ ಬಿದಿರು ತೆಗೆದುಕೊಂಡು ಕೊಳಕ್ಕೆ ಇಳಿದೆ. ಒಣಗಿದ ತಾವರೆ ದಂಟುಗಳ ನಡುವೆ ಚುಚ್ಚುತ್ತಾ ಹೋದೆ. ಕೆಸರು, ಕೆಸರು, ಕೆಸರು. ಆಮೇಲೆ ಟಕ್ ಎಂದಿತು. ಮರ. ಎರಡಾಳುದ್ದ ಮುಂದೆ ಹೋಗಿ ಚುಚ್ಚಿದೆ, ಮತ್ತೂ ಮರ. ದೊಡ್ಡ ದೋಣಿ.

ಹೇಳಲೋ ಬೇಡವೋ ಎಂದು ಯೋಚಿಸಿದವಳಲ್ಲ ನಾನು. ನೇರ ಹೋಗಿ ಹೇಳಿದೆ.

ಸಂಗಾತಿ ಮೆಂಗ್ ಬರೆಯುತ್ತಿದ್ದುದನ್ನು ನಿಲ್ಲಿಸಿದರು. "ಅಕಿ ತಾನಾಗೇ ಹೇಳಿದ್ಲೇನು?"

"ಇಲ್ಲ. ಆದರೆ ಒಬ್ಬ ಮುದುಕಿ ಬಾಯಿ ಬಿಡಲಿ ಅಂತ ಕೋಟ್ಯಂತರ ಜನ ಕಾಯ್ಬೇಕಾ? ಇಡೀ ಹಳ್ಳಿಯಲ್ಲಿ ನಮಗೆ ಸಿಕ್ಕಿರೋದು ಮೂರು ಸಣ್ಣ ದೋಣಿ. ಇದರಲ್ಲಿ ಇಪ್ಪತ್ತು ಮೂವತ್ತು ಜನ ಹಿಡೀತಾರೆ!"

"ಕೇಳಿ ನೋಡೂಣು."

ಕೇಳಿದರು. ದೊಡ್ಡಮ್ಮ "ಯಾವ ದೋಣಿ?" ಎಂದಳು. ಮೂರು ಸಲ ಕೇಳಿದರೂ ಅದೇ ಉತ್ತರ: ಯಾವ ದೋಣಿ?

೧೩ ಮಾರ್ಚ್

ಮೇಲಿನಿಂದ ಒತ್ತಡ ಬಂತು. ದೋಣಿ ಎತ್ತಿದೆವು.

ಸೈನಿಕರು ಎದೆಮಟ್ಟದ ನೀರಿಗಿಳಿದು ಕಲ್ಲು ತೆಗೆದರು, ಹಗ್ಗ ಹಾಕಿ ಎಳೆದರು. ಹಳ್ಳಿಯೇ ಬಂದು ನಿಂತಿತ್ತು. ಮೊದಲು ಕೊಳ ಉಬ್ಬಿತು, ಆಮೇಲೆ ದೋಣಿಯ ಮೂತಿ ಮೇಲೆ ಬಂತು. ಸಂದುಸಂದಿನಿಂದ ಕಪ್ಪು ನೀರು ಸುರಿಯುತ್ತಿತ್ತು. ಜನ ಚಪ್ಪಾಳೆ ಹೊಡೆಯುತ್ತಾರೆಂದುಕೊಂಡಿದ್ದೆ. ಯಾರೂ ಹೊಡೆಯಲಿಲ್ಲ.

ಸಂಗಾತಿ ಮೆಂಗ್ ದೊಡ್ಡಮ್ಮನ ಮುಂದೆ ತಲೆ ಬಾಗಿಸಿ ರಸೀದಿ ಕೊಟ್ಟರು. ಯುದ್ಧ ಮುಗಿದ ಮೇಲೆ ದೋಣಿ ವಾಪಸು, ಹಾಳಾದರೆ ಪರಿಹಾರ. ಅವಳು ಅದನ್ನು ತೆಗೆದುಕೊಂಡು ನನ್ನ ಕಡೆ ತಿರುಗಿದಳು.

"ಅವರು ದೋಣಿ ತಗೊಂಡು ಹೋಗುವಾಗ ತಲೆ ಬಗ್ಗಿಸ್ಲಿಲ್ಲ. ನೀವು ಬಗ್ಗಿಸಿದ್ರಿ. ವ್ಯತ್ಯಾಸ ಇದೆ ಕಣೇ, ಇಲ್ಲ ಅನ್ನಲ್ಲ."

೧೪ ಮಾರ್ಚ್

ಮಳೆ. ನಾನು ಮಾಡಿದ್ದು ಸರಿ.

೧೫ ಮಾರ್ಚ್

ಸರಿಯೇ.

೧೯ ಮಾರ್ಚ್

ಬೇರೆ ಮನೆ ಕೊಡುತ್ತೇನೆಂದು ಸಂಗಾತಿ ಮೆಂಗ್ ಹೇಳಿದರು. ಬೇಡವೆಂದೆ. ಓಡಿಹೋಗುವಂಥ ತಪ್ಪು ನಾನೇನೂ ಮಾಡಿಲ್ಲ.

ದೊಡ್ಡಮ್ಮ ಹೊರಗೆ ಹಾಕಿಲ್ಲ. ಹೊತ್ತಿಗೆ ಸರಿಯಾಗಿ ನನ್ನ ಮುಂದೆ ಬಟ್ಟಲು ಇಡುತ್ತಾಳೆ, ಮಾತು ಮಾತ್ರ ಇಡುವುದಿಲ್ಲ. ಬೆಳಗಿನ ಮೊದಲ ಸೌಟು ಈಗ ಯಾವ ಕೊಳಕ್ಕೂ ಹೋಗುವುದಿಲ್ಲ. ಅದನ್ನು ನನ್ನ ಬಟ್ಟಲಿಗೆ ಹಾಕುತ್ತಾಳೆ. ನುಂಗುವುದು ಕಷ್ಟ. ಗಂಜಿಗೆ ಉಪ್ಪು ಕಡಿಮೆಯಾಗಿರಬೇಕು.

೨೩ ಮಾರ್ಚ್

ನಿಯೂ ಇವತ್ತು ಸಾಯುತ್ತಿದ್ದ. ಕಾಲುವೆಯಲ್ಲಿ ದೊಡ್ಡಮ್ಮನ ದೋಣಿ ಇಳಿಸಿ ಹುಟ್ಟು ಹಾಕುವ ಅಭ್ಯಾಸ ನಡೆದಿತ್ತು. ಎದ್ದು ನಿಂತವನೇ ಮೂಟೆಯ ಹಾಗೆ ನೀರಿಗೆ ಬಿದ್ದ. ಬಟ್ಟೆ ಒಗೆಯುತ್ತಿದ್ದ ದೊಡ್ಡಮ್ಮ ಬಟ್ಟೆ ಬಿಟ್ಟು ಬಿದಿರಿನ ಕೊಕ್ಕೆ ಹಾಕಿ ಅವನ ಕಾಲರು ಹಿಡಿದು ಎಳೆದಳು.

"ಲೋ ಎತ್ತೇ! ನೀರಿನ ಮೇಲೆ ಎದ್ದು ನಿಲ್ತಾರೇನೋ? ಅದೇನು ನಿಮ್ಮಪ್ಪನ ಅಂಗಳವಾ?"

ನಿಯೂ ಕೆಮ್ಮುತ್ತಾ, ಮೂಗಿನಲ್ಲಿ ನೀರು ಸೋರಿಸುತ್ತಾ ಅವಳ ಕಾಲ ಬಳಿ ಕೂತ. "ಯವ್ವಾ, ನಾ ಸತ್ತಿನಿ ಅಂತ ತಿಳದಿದ್ದೆ."

"ಸಾಯೋದಕ್ಕೂ ಒಂದು ಲಕ್ಷಣ ಬೇಕು. ಮೊದ್ಲು ಕೂತ್ಕೊಳ್ಳೋದು ಕಲಿ."

ಇಡೀ ಮಧ್ಯಾಹ್ನ ಅವನಿಗೆ ಕೂರುವುದನ್ನು ಕಲಿಸಿದಳು. ಅವನು ಅವಳನ್ನು ಯವ್ವಾ ಎಂದೇ ಕರೆಯುತ್ತಾನೆ, ಅವಳು ಬೈಯುತ್ತಲೇ ಓಗೊಡುತ್ತಾಳೆ. ದೊಡ್ಡಮ್ಮ ಇಷ್ಟು ಮಾತಾಡಿದ್ದನ್ನು ಕೇಳಿ ಹತ್ತು ದಿನವಾಗಿತ್ತು. ಮಾತು ನನ್ನ ಜೊತೆಯದಲ್ಲ, ಆದರೂ ಕೇಳುತ್ತಾ ನಿಂತೆ.

೩೦ ಮಾರ್ಚ್

ಕೊನೆಗೂ ಮಾತಾಡಿದಳು. ನಾನು ಒಲೆ ಊದುತ್ತಿದ್ದೆ. ಹಿಂದಿನಿಂದ ಕೇಳಿದಳು.

"ನಿಮ್ಮ ಗುಂಡಿಗೆ ಮುಖ ಗೊತ್ತಾಗತ್ತಾ?"

ತಿರುಗಿದೆ. ಅವಳ ಮಗ ಚ್ವಾನ್‌ಷೆಂಗ್ ಆ ದಡದಲ್ಲಿದ್ದಾನೆ. ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಹೋದ ಶರತ್ಕಾಲದಲ್ಲಿ, ಅವನು ದೋಣಿಯನ್ನು ಕೊಳದಲ್ಲಿ ಮುಳುಗಿಸಿ ಕೊನೆಯ ಕಲ್ಲು ಇಟ್ಟು ಮೇಲೆ ಬರುವಾಗ ಸರ್ಕಾರದ ಸೈನಿಕರು ಹಿಡಿದರು. ಹೊಡೆದರೂ ದೋಣಿ ಎಲ್ಲಿದೆಯೆಂದು ಹೇಳಲಿಲ್ಲವಂತೆ. ಅವನು ಹುಟ್ಟಿದ್ದು ಅದೇ ದೋಣಿಯಲ್ಲಿ, ನಡುನದಿಯಲ್ಲಿ.

"ಅವನ ದೋಣಿಯಲ್ಲೇ ಕೂತು ಅವನನ್ನ ಕೊಲ್ಲೋಕೆ ಹೋಗ್ತೀರಿ. ಅದಕ್ಕೇ ಹೇಳ್ಲಿಲ್ಲ, ತಿಳೀತಾ?"

ನನಗೆ ಉತ್ತರ ಗೊತ್ತಿತ್ತು. ಕರಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ. "ಆ ದಡದ ಸೈನಿಕರೂ ಬಡವರ ಮಕ್ಕಳೇ, ದೊಡ್ಡಮ್ಮ. ನಾವು ಬಂದ ಕೂಡ್ಲೇ ಬಂದೂಕು ಬಿಸಾಡಿ ನಮ್ಮ ಕಡೆಗೆ ಬರ್ತಾರೆ."

"ನನ್ನ ಮಗ ಕೈಗೆ ಕೊಟ್ಟಿದ್ದನ್ನ ಯಾವತ್ತೂ ಬಿಸಾಡಿದವನಲ್ಲ."

"ಆ ದಡ ಅದೆಷ್ಟು ಉದ್ದ ಇದೆ! ನಾವು ಇಳಿಯೋ ಕಡೆಯೇ ಅವನು ಇರ್ತಾನೆ ಅಂತ ಏನು?"

"ಎಲ್ಲಿದಾನೆ ಗೊತ್ತಿಲ್ಲ ಅಂದ್ರೆ ಎಲ್ಲ ಕಡೆನೂ ಅವನೇ ಇದಾನೆ."

ಇದಕ್ಕೆ ಕರಪತ್ರದಲ್ಲಿ ಏನಾದರೂ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ನನ್ನ ಬಳಿ ಇರುವುದು ಕೆಲವೇ ತಾನೇ.

೨ ಏಪ್ರಿಲ್

ಬೇಪಿಂಗ್‌ನಲ್ಲಿ ಸಂಧಾನ ನಿಜವಾಗಿಯೂ ಶುರುವಾಗಿದೆಯಂತೆ. ಇವತ್ತು ಎರಡು ಸಲ ಸಂಗಾತಿ ಮೆಂಗ್ ಅವರನ್ನು ಕೇಳಿದೆ, ಸುದ್ದಿ ಏನಾದರೂ ಬಂತೇ ಎಂದು.

೫ ಏಪ್ರಿಲ್

ಹಿರಿಯರ ಗೋರಿ ಗುಡಿಸುವ ದಿನ. ದೊಡ್ಡಮ್ಮ ಗಂಡನ ಗೋರಿಗೆ ಹೋಗಿ, ಸತ್ತವರಿಗೆ ಸಲ್ಲಲೆಂದು ಕಾಗದದ ಹಣ ಸುಟ್ಟಳು. ನಾನು ಜೊತೆಗೆ ಹೋದೆ. ಪಕ್ಕದ ಮನೆಯಾಕೆ, "ಅಕ್ಕಾ, ಹುಡುಗನ ಹೆಸರಿನಲ್ಲೂ ಒಂದೆರಡು ಹಾಳೆ..." ಎಂದು ರಾಗ ಎಳೆದಳು. ದೊಡ್ಡಮ್ಮ ಅವಳ ಕೈಯಿಂದ ಕಾಗದದ ಕಟ್ಟು ಕಿತ್ತುಕೊಂಡು ಮಣ್ಣಿಗೆ ಎಸೆದಳು. ಸಾಸಿವೆ ಹೂವಿನ ನಡುವೆ ಬರುವಾಗ ಆ ದಡದಿಂದ ಎರಡು ತೋಪಿನ ಗುಂಡು ಬಂದು ನದಿಗೆ ಬಿದ್ದವು. ದೊಡ್ಡಮ್ಮ ಬಗ್ಗಲಿಲ್ಲ. ಗುಂಡು ಬಂದ ದಿಕ್ಕಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಳು, ಯಾರೋ ನೆಂಟರು ಬರುವುದನ್ನು ನೋಡುವ ಹಾಗೆ.

ಸಂಧಾನದ ಸುದ್ದಿ ಇಲ್ಲ.

೮ ಏಪ್ರಿಲ್

ಇವತ್ತು ಬರೆಯುವಂಥದ್ದು ಏನೂ ಇಲ್ಲ.

೯ ಏಪ್ರಿಲ್

ಇದೆ. ನನ್ನ ಪುಸ್ತಕ, ನಾನೇ ಓದುವವಳು. ಬರೆದರೇನು?

ನಿನ್ನೆ ಸಂಜೆ, ಇನ್ನೂ ಬೆಳಕಿತ್ತು, ಸೈನಿಕರೆಲ್ಲ ಊಟಕ್ಕೆ ಹೋಗಿದ್ದರು. ದೋಣಿಯನ್ನು ಕಾಲುವೆಯ ಪಕ್ಕದಲ್ಲಿ ಮರದ ಅಡ್ಡೆಗಳ ಮೇಲೆ ಏರಿಸಿ ಜೊಂಡು ಮುಚ್ಚಿಟ್ಟಿದ್ದೇವೆ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿತು. ಜೊಂಡು ಸರಿಸಿ ನೋಡಿದೆ. ದೊಡ್ಡಮ್ಮ ದೋಣಿಯ ಕೆಳಗೆ ಮಲಗಿ ಉಳಿ ಹಿಡಿದು ಹಲಗೆಗಳ ಸಂದಿನ ನಾರು ಕೀಳುತ್ತಿದ್ದಳು. ತಳದ ನಡುವಿನ ಸಂದು. ಅರ್ಧ ಕಿತ್ತಾಗಿತ್ತು. ಮೇಲೆ ಕೆಸರು ಮೆತ್ತಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನಡುನದಿಗೆ ಹೋದ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಇದಕ್ಕೆ ಸೈನ್ಯದಲ್ಲಿ ಒಂದೇ ಹೆಸರು, ಒಂದೇ ಶಿಕ್ಷೆ. ಅವಳಿಗೂ ಅದು ಗೊತ್ತಿತ್ತು.

"ಹೋಗು, ಹೇಳು" ಎಂದಳು, ಮಲಗಿದಲ್ಲಿಂದಲೇ. "ಹೇಳೋದು ನಿನಗೆ ಅಭ್ಯಾಸ ಇದೆಯಲ್ಲ."

ಓಡಬೇಕಿತ್ತು. ನಾನು ಅವಳ ಪಕ್ಕ ಕೆಸರಿನಲ್ಲಿ ಕೂತೆ.

"ಈ ದೋಣಿಗೆ ನಿಯೂ ಹತ್ತುತ್ತಾನೆ, ದೊಡ್ಡಮ್ಮ."

"ಗೊತ್ತು."

"ಅವನಿಗೆ ಈಜು ಬರಲ್ಲ."

"ಗೊತ್ತು ಅಂದ್ನಲ್ಲ!" ಉಳಿ ಕೆಳಗಿಟ್ಟಳು. "ಯಾರು ಹೇಳಿದ್ರು ಅವನಿಗೆ, ನನ್ನನ್ನ ಯವ್ವಾ ಅಂತ ಕರಿ ಅಂತ? ನೀನಾ? ನಿಮ್ಮ ಮೆಂಗಾ? ಅವರಪ್ಪನ ಮನೆಯಲ್ಲಿ ಅವ್ವ ಇಲ್ವಾ ಅವನಿಗೆ?"

"ಇದಾಳಂತೆ. ಅವಳೂ ದಿನಾ..."

ದೊಡ್ಡಮ್ಮ ಕಿತ್ತ ಸಂದಿನ ಉದ್ದಕ್ಕೂ ಬೆರಳು ಎಳೆದಳು. ಆಮೇಲೆ ಎದ್ದು ಕೂತು, "ಸುಣ್ಣ ಎಲ್ಲಿಟ್ಟಿದ್ದಾರೆ?" ಎಂದಳು.

ಮರದೆಣ್ಣೆಯನ್ನೂ ಸುಣ್ಣವನ್ನೂ ಕಲಸಿ, ಸೆಣಬಿನ ನಾರು ಅದ್ದಿ, ಸಂದಿಗೆ ತುಂಬಿ ಸುತ್ತಿಗೆಯಿಂದ ಬಡಿಯಬೇಕು. ಎಣ್ಣೆ ಬೆಚ್ಚಗಾಗಲು ಬೆಂಕಿ ಬೇಕಿತ್ತು, ಜೊಂಡೆಲ್ಲ ಒದ್ದೆ. ಚೀಲದಲ್ಲಿದ್ದ ಎರಡು ಕರಪತ್ರ ಹಚ್ಚಿದೆ. ಬೇರೆ ಒಣ ಕಾಗದ ಇರಲಿಲ್ಲ. ಸೈನಿಕರು ಊಟ ಮುಗಿಸಿ ಬರುವ ಹೊತ್ತಿಗೆ ನಾವಿಬ್ಬರೂ ಕೈಯೆಲ್ಲ ಎಣ್ಣೆ ಮಾಡಿಕೊಂಡು ಬಡಿಯುತ್ತಿದ್ದೆವು. ಸಂಗಾತಿ ಮೆಂಗ್ ನೋಡಿ, "ಛಲೋ ಆತು, ಹಳೇ ಸಂದು ಸಡಿಲಾಗಿತ್ತೇನು?" ಎಂದರು.

"ಸಡಿಲಾಗಿತ್ತು" ಎಂದೆ.

ಇದು ವರದಿ ಮಾಡುವಂಥದ್ದಲ್ಲ. ಸಂದು ಈಗ ಗಟ್ಟಿಯಾಗಿದೆ. ಗಟ್ಟಿಯಾದ ಸಂದಿನ ಬಗ್ಗೆ ವರದಿ ಏಕೆ?

೧೨ ಏಪ್ರಿಲ್

ನದಿ ಏರುತ್ತಿದೆ. ಇನ್ನು ಹೆಚ್ಚು ದಿನ ಕಾದರೆ ಸೆಳೆತ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ದೋಣಿ ಇದೆ, ಚುಕ್ಕಾಣಿ ಹಿಡಿಯುವವರಿಲ್ಲ. ಸಂಗಾತಿ ಮೆಂಗ್ ಮೇಲಿನ ಹಳ್ಳಿಯಿಂದ ಒಬ್ಬ ಅಂಬಿಗನನ್ನು ಕರೆಸುವ ಮಾತಾಡಿದರು. ಅದು ದೊಡ್ಡಮ್ಮನ ಕಿವಿಗೆ ಬಿತ್ತು. ಹೊಗೆ ಕೊಳವೆ ಹಿಡಿದು ನೇರ ತುಕಡಿಯ ಬಿಡಾರಕ್ಕೆ ಬಂದಳು. ನಾನು ಅಲ್ಲೇ ಇದ್ದೆ.

"ನನ್ನ ದೋಣಿಯ ಚುಕ್ಕಾಣಿ ಕಂಡವರ ಕೈಗೆ ಕೊಡಲ್ಲ. ನಾನೇ ಬರ್ತೀನಿ."

"ನಿಮಗ ವಯಸ್ಸಾಗೇತಿ, ದೊಡ್ಡಮ್ಮ."

"ನದಿಗೂ ವಯಸ್ಸಾಗಿದೆ. ಒಂದು ಮಾತು. ಆ ದಡ ಹತ್ರ ಬಂದ ಕೂಡ್ಲೇ ನನ್ನ ಮಗನ ಹೆಸರು ಕೂಗ್ತೀನಿ. ಅದಕ್ಕೆ ಬಿಡ್ಬೇಕು."

"ಕೂಗಂಗಿಲ್ಲ. ಕೆಮ್ಮಂಗೂ ಇಲ್ಲ. ಒಬ್ಬಾವ ಸೀನಿದ್ರ ಮೂವತ್ತು ಮಂದಿ ಸಾಯ್ತಾರ."

"ಹಾಗಾದ್ರೆ ನಾನು ಬರಲ್ಲ. ಈಗಲೇ ಕೊಡಲಿ ತಂದು ಚುಕ್ಕಾಣಿ ಮುರೀತೀನಿ. ಬೇಕಾದ್ರೆ ನನಗೆ ಗುಂಡು ಹೊಡಿ."

ನಾನು ಮಧ್ಯೆ ಬಾಯಿ ಹಾಕಿದೆ, ಹಾಕಬಾರದಿತ್ತು. "ಸಂಗಾತಿ, ಅವರ ಮಗ ಆ ದಡದಲ್ಲಿದಾನೆ."

"ಗೊತ್ತದ" ಎಂದರು ಮೆಂಗ್. "ಕೈ ಎತ್ತಿದಾವನ ಕೂದಲಾನೂ ನಾವು ಮುಟ್ಟಂಗಿಲ್ಲ. ಇದು ಸೈನ್ಯದ ಕಟ್ಟಳಿ."

"ಕೈ ಎತ್ತೋಕೆ ಮುಂಚೆ?" ಎಂದಳು ದೊಡ್ಡಮ್ಮ.

ಸಂಗಾತಿ ಮೆಂಗ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಹಿಂಗ ಮಾಡ್ರಿ. ಅವ್ರು ನಮ್ಮನ್ನ ಕಂಡು ಮೊದಲನೇ ಗುಂಡು ಹೊಡದ ಮ್ಯಾಲ ಏನರ ಕೂಗ್ರಿ. ಆಮ್ಯಾಗ ಯಾರ ಬಾಯೂ ನಾ ಕಟ್ಟಂಗಿಲ್ಲ."

"ಆ ಗದ್ದಲದಲ್ಲಿ ಅವನಿಗೆ ಕೇಳತ್ತಾ?"

"ಕೇಳಂಗಿಲ್ಲ ಅಂತ ಕಾಣತೈತಿ."

ದೊಡ್ಡಮ್ಮ ಅವರನ್ನೇ ನೋಡಿದಳು. ಕೊಳವೆಯ ಬೂದಿಯನ್ನು ಹೊಸ್ತಿಲಿಗೆ ತಟ್ಟಿದಳು. "ಕೇಳತ್ತೆ ಅಂದಿದ್ರೆ ಎದ್ದು ಹೋಗ್ತಿದ್ದೆ. ಸರಿ."

೧೬ ಏಪ್ರಿಲ್

ಸಂಧಾನದ ಕರಾರು ಬರೆದು ನಾನ್‌ಜಿಂಗ್‌ನ ಕುಮಿಂಟಾಂಗ್ ಸರ್ಕಾರದ ಮುಂದೆ ಇಟ್ಟಿದ್ದಾರಂತೆ. ಇಪ್ಪತ್ತನೇ ತಾರೀಖಿನವರೆಗೆ ಗಡುವು. ಸಹಿ ಹಾಕಿದರೆ ಯಾರೂ ಗುಂಡು ಹಾರಿಸದೆ ದಾಟಬಹುದು. ಹಳ್ಳಿಯಲ್ಲಿ ಎಲ್ಲರೂ ಅದೇ ಮಾತು. ದೊಡ್ಡಮ್ಮ ಏನೂ ಕೇಳುವುದಿಲ್ಲ. ಆದರೆ ನಾನು ಬಿಡಾರದಿಂದ ಬಂದ ಕೂಡಲೇ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾಳೆ. ನಾನು ತಲೆ ಅಲ್ಲಾಡಿಸುತ್ತೇನೆ. ಕೆಲಸ ಮುಂದುವರಿಸುತ್ತಾಳೆ.

ಸಹಿ ಹಾಕಲಿ. ಒಂದು ಸಹಿಗೆ ಏನು ಮಹಾ ಕಷ್ಟ?

೧೮ ಏಪ್ರಿಲ್

ಸುದ್ದಿ ಇಲ್ಲ. ಜೊಂಡಿನಿಂದ ದೋಣಿಗಳನ್ನು ಹೊರತೆಗೆದು, ಏರಿಯನ್ನು ಕಡಿದ ದಾರಿಯಲ್ಲಿ ಕಾಲುವೆಯ ಬಾಯಿಗೆ ಸಾಗಿಸುತ್ತಿದ್ದಾರೆ. ನಿಯೂ ಒಣಹುಲ್ಲನ್ನು ಬಿದಿರಿಗೆ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಾನೆ. ಮುಳುಗಿದರೆ ತೇಲಿಸುತ್ತದಂತೆ.

"ಹುಲ್ಲು ಕಟ್ಟಿದ ಎತ್ತು" ಎಂದಳು ದೊಡ್ಡಮ್ಮ. "ಬಾ ಇಲ್ಲಿ, ಗಂಟು ಸರಿ ಇಲ್ಲ." ಅವನ ಸೊಂಟದ ಗಂಟು ಬಿಚ್ಚಿ ತಾನೇ ಕಟ್ಟಿದಳು. ಎರಡು ಸಲ ಜಗ್ಗಿ ನೋಡಿದಳು.

ನನ್ನನ್ನು ಹಿಂದಿನ ದಳಕ್ಕೆ ಹಾ‌ಕಿದ್ದಾರೆ. ಗಾಯಾಳುಗಳನ್ನು ಹೊರುವ ಕೆಲಸ, ಈ ದಡದಲ್ಲೇ. ಮೊದಲ ಅಲೆಯ ದೋಣಿಗಳಲ್ಲಿ ಹೆಣ್ಣುಮಕ್ಕಳು ಬೇಡವೆಂದು ಆಜ್ಞೆ. ಚುಕ್ಕಾಣಿಯವಳೆಂದು ದೊಡ್ಡಮ್ಮನಿಗೆ ಮಾತ್ರ ಬಿಟ್ಟಿದ್ದಾರೆ.

೧೯ ಏಪ್ರಿಲ್

ಸಹಿ ಆಗಿಲ್ಲ. ಆಗುವುದಿಲ್ಲವೆಂದು ಸಂಗಾತಿ ಮೆಂಗ್ ಅವರ ಮುಖದಲ್ಲೇ ಗೊತ್ತಾಯಿತು. ನಾಳೆ ದಾಟುವುದು.

ಊಟದ ಮೇಲೆ ದೊಡ್ಡಮ್ಮ ನನ್ನನ್ನು ಕೊಳದ ಹತ್ತಿರ ಕರೆದುಕೊಂಡು ಹೋದಳು. ತಾವರೆಯ ಹೊಸ ಎಲೆಗಳು ಸುರುಳಿ ಬಿಚ್ಚುತ್ತಿದ್ದವು. ಬಿಸಿಲಿನ್ನೂ ಇತ್ತು.

"ಯುನ್, ಹಿಂಬದಿಯ ಹುಟ್ಟು ಹಾಕೋಕೆ ಇದ್ದ ಮುದುಕನಿಗೆ ಜ್ವರ. ನೀನು ಬಾ."

"ಮೆಂಗ್ ಒಪ್ಪಲ್ಲ, ದೊಡ್ಡಮ್ಮ."

"ನಾನು ಮೆಂಗನ್ನ ಕೇಳ್ಲಿಲ್ಲ. ದಡ ಬಿಟ್ಟ ಮೇಲೆ ಅವನಿಗೆ ಗೊತ್ತಾದ್ರೆ ಸಾಕು."

"ನನಗೆ ಹುಟ್ಟು ಹಾಕೋಕೆ ಸರಿಯಾಗಿ ಬರಲ್ಲ."

"ಬರಲ್ಲ ಅಂತ ಗೊತ್ತು. ಹುಟ್ಟಿಗೆ ಎತ್ತು ಇದೆ. ಗುಂಡು ಶುರುವಾದ ಮೇಲೆ ನಾನು ಚುಕ್ಕಾಣಿ ನೋಡ್ಬೇಕಾ, ಬಾಯಿ ತೆಗೆದು ಕೂಗ್ಬೇಕಾ? ನಾನು ಅವನ ಕಡೆ ನೋಡಿದ್ರೆ ದೋಣಿ ಅಡ್ಡ ತಿರುಗತ್ತೆ, ಅಷ್ಟೂ ಹುಡುಗರು ನೀರಿಗೆ ಹೋಗ್ತಾರೆ. ನನ್ನ ಕೈಲಿ ಎರಡೂ ಆಗಲ್ಲ. ಕೂಗೋಕೆ ನೀನು ಬೇಕು."

"ಪಾನ್ ಚ್ವಾನ್‌ಷೆಂಗ್ ಅಂತ ಕೂಗ್ಲಾ?"

"ಅದು ಸೈನ್ಯದವರು ಹಾಜರಿ ಕೂಗೋ ಹೆಸರು. ಅದಕ್ಕೆ ಅವನು ಬಂದೂಕು ಎತ್ಕೊಂಡು ನಿಲ್ತಾನೆ." ಅವಳು ನನ್ನ ತೋಳು ಹಿಡಿದು ಬಗ್ಗಿಸಿ, ಎದೆಹಾಲು ಕುಡಿಯುವಾಗ ಇಟ್ಟ ಹೆಸರನ್ನು ಕಿವಿಯಲ್ಲಿ ಹೇಳಿದಳು. ಕೆಟ್ಟ ಕಣ್ಣು ಬೀಳದಿರಲಿ ಎಂದು ಇಡುವ ಕೊಳಕು ಹೆಸರು. ಮನೆಯವರಲ್ಲದೆ ಯಾರೂ ಕರೆಯುವಂತಿಲ್ಲ. ಕೇಳಿ ನಗು ಬಂತು. ಅವಳೂ ನಕ್ಕಳು. ಅವಳ ಹಲ್ಲು ನೋಡಿದ್ದು ಇದೇ ಮೊದಲು.

"ಹೇಳು ನೋಡೋಣ."

ಹೇಳಿದೆ.

"ಹಾಗಲ್ಲ. ಅದು ಭಾಷಣ ಆಯ್ತು. ಊಟಕ್ಕೆ ಕರಿಯೋ ಹಾಗೆ ಕರಿ."

ಸರಿ ಬರುವವರೆಗೂ ಹೇಳಿಸಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ಯಾರ ಕೈಗೆ ಸಿಗುತ್ತದೋ ಏನೋ.

ಆಜ್ಞೆ ಮೀರುವುದು ಸಣ್ಣ ವಿಷಯವಲ್ಲ. ಆದರೆ ಜನರ ನಡುವೆ ಇರು ಎಂದೇ ತಾನೇ ನನ್ನನ್ನು ಇಲ್ಲಿಗೆ ಕಳುಹಿಸಿದ್ದು.

ಹೆಂಗಸರು ದೋಣಿಯ ಮೂತಿ ತುಳಿಯಬಾರದು, ಹಿಂದಿನಿಂದ ಹತ್ತಬೇಕು. ಜೊಂಡಿನ ಮರೆಯಲ್ಲಿ ಕಾಯುತ್ತೇನೆಂದು ಹೇಳಿದ್ದಾಳೆ. ನಾಳೆ, ಬುಧವಾರ, ಏಪ್ರಿಲ್ ಇಪ್ಪತ್ತು, ಸಂಜೆ ಆರು ಗಂಟೆಗೆ, ಕಾಲುವೆಯ ಬಾಯಿಯಲ್ಲಿ.